ಹಿಂದಿನ ಗಾಜಿನ ರಬ್ಬರು

ಹೊನ್ನಾವರ
ಶನಿವಾರ, ತಾ. 6-7-1963

ಗಂಗಾಳ ಅಣ್ಣನವರಿಗೆ, ಅಂದರೆ ನಮ್ಮ ಪುಟ್ಟಿಯ ಅಪ್ಪನವರಿಗೆ, ನರ್ಮದೆಯ ನಮಸ್ಕಾರಗಳು.

ನಿಮ್ಮ ಕಾಲು ಹೇಗಿದೆ? ಪ್ಲಾಸ್ಟರು ತೆಗೆದರೋ, ಇನ್ನೂ ಹಾಗೇ ಇದೆಯೋ? ಮಾಟುಂಗಾದ ಮನೆ ಮೂರನೇ ಮಾಳಿಗೆಯಲ್ಲಿದೆ ಎಂದು ಭಾವನವರು ಬರೆದಿದ್ದರು. ಕೋಲು ಊರಿಕೊಂಡು ಆ ಮೆಟ್ಟಿಲು ಹತ್ತಿಳಿಯುವ ಶೂರತನ ತೋರಿಸಬೇಡಿ. ಅಕ್ಕ ಬಡಿಸಿದ್ದನ್ನು ಮುಖ ಸಿಂಡರಿಸದೆ ಉಣ್ಣಿ, ಅವರಿಗೂ ನಿಮ್ಮ ದೆಸೆಯಿಂದ ಎರಡು ತಿಂಗಳ ಕೆಲಸ ಹೆಚ್ಚಾಗಿದೆ. ಇಲ್ಲಿ ಅತ್ತೆಗೆ ಮಳೆಯ ಜೊತೆಗೇ ಮಂಡಿನೋವು ಶುರುವಾಗಿದೆ. ಪುಟ್ಟಿಗೆ ಶೀತ ಬಂದು ಹೋಯಿತು. ನನಗೆ ಏನೂ ಆಗಿಲ್ಲ. ಆಗಿದೆಯೇ ಎಂದು ನೀವು ಕೇಳಿಯೂ ಇಲ್ಲ ಬಿಡಿ.

ನಿನ್ನೆ ನಿಮ್ಮ ಪತ್ರ ಬಂತು. ಎರಡು ಪುಟದ ಪತ್ರ. ಮೊದಲ ಪುಟ ಪೂರ್ತಿ ಕಾರಿನ ಆರೋಗ್ಯ, ಎರಡನೆಯದರಲ್ಲಿ ಗಂಗಾಳಿಗೆ ಬೈಗಳು, ಕೊನೆಗೆ ‘ಉಳಿದವರು ಕ್ಷೇಮವೆಂದು ನಂಬಿರುತ್ತೇನೆ’ ಎಂದು ಒಂದು ಸಾಲು. ಮದುವೆಯಾಗಿ ಏಳು ವರ್ಷವಾಯಿತು, ನಾನಿನ್ನೂ ಉಳಿದವರಲ್ಲಿಯೇ ಇದ್ದೇನೆ! ಯಾರೋ ಇಂಗ್ಲಿಷ್ ಸಾಹೇಬ ಬಿಟ್ಟುಹೋದ ಆ ಕರಿ ಕಾರಿಗೆ ನನಗಿಂತ ವಯಸ್ಸು ಹೆಚ್ಚೇನೂ ಕಡಿಮೆಯಿಲ್ಲ. ಆದರೂ ಅದು ಕೆಮ್ಮಿದರೆ ನೀವು ಊಟ ಬಿಟ್ಟು ಎದ್ದು ಹೋಗುತ್ತೀರಿ. ನಾನು ಕೆಮ್ಮಿದರೆ ‘ಕಷಾಯ ಮಾಡ್ಕ’ ಎನ್ನುತ್ತೀರಿ. ಸಿಟ್ಟು ಬಂದರೆ ಬರಲಿ. ಈ ಸಲ ಬರೆದೇ ಬಿಡುತ್ತೇನೆ.

ಕಾರಿನ ಮೇಲಿನ ಹೊಟ್ಟೆಕಿಚ್ಚನ್ನು ನಾನು ಹೇಗೋ ನುಂಗಿಕೊಂಡಿದ್ದೆ. ನಿಮ್ಮ ತಂಗಿಯ ಮೇಲಿನದನ್ನು ನುಂಗಲಾಗಲಿಲ್ಲ. ಭಾನುವಾರ ನೀವು ಕಾರಿನ ಅಡಿಗೆ ತೂರಿಕೊಂಡು ಕೈ ಚಾಚಿದರೆ ಸಾಕು, ಬಾಯಿ ಬಿಡುವ ಮೊದಲೇ ಅವಳು ನಟ್ಟು ತಿರುಗಿಸಲು ಬೇಕಾದ ಪಾನಾವನ್ನೇ ಕೈಗೆ ಕೊಡುತ್ತಾಳೆ. ನಾನು ಚಹದ ಲೋಟ ಹಿಡಿದು ನಿಂತರೆ ನಿಮ್ಮಿಬ್ಬರ ಎರಡು ಜೊತೆ ಪಾದ ಬಿಟ್ಟು ಬೇರೇನೂ ಕಾಣುವುದಿಲ್ಲ. ಚಹ ಅಲ್ಲೇ ಆರಿ ಹೋಗುತ್ತದೆ. ಕುಮಟೆಗೆ ಮದುವೆಗೆ ಹೋದಾಗಲೂ ಮುಂದಿನ ಸೀಟು ಅವಳಿಗೇ. ಇಂಜಿನ್ನಿನ ಸದ್ದು ಅವಳಿಗೆ ತಿಳಿಯುತ್ತದಂತೆ! ನಾನು ಹಿಂದೆ ಅತ್ತೆಯ ಎಲೆಯಡಿಕೆ ಸಂಚಿ, ಪುಟ್ಟಿ, ಹಲಸಿನ ಹಪ್ಪಳದ ಗಂಟು ಇವುಗಳ ನಡುವೆ. ಮುಲ್ಕಿ ಪರೀಕ್ಷೆ ಪಾಸಾದವಳು, ಜಾಣೆ, ಒಪ್ಪಿದೆ. ನಾನೇನು ದಡ್ಡಿಯೇ? ನನಗೆ ಯಾರಾದರೂ ಒಂದು ದಿನ ಕಲಿಸಿದ್ದುಂಟೇ?

ಮೇ ತಿಂಗಳಲ್ಲಿ ನೀವು ಕಳಿಸಿದ ಪಾರ್ಸೆಲನ್ನು ಪೋಸ್ಟ್‌ಮನ್ನನ ಕೈಯಿಂದ ತೆಗೆದುಕೊಂಡವಳು ನಾನೇ. ಒತ್ತಿ ನೋಡಿದೆ, ಮೆತ್ತಗಿತ್ತು. ಮುಂಬಯಿಯ ಸೀರೆ ಎಂದೇ ನಂಬಿದೆ. ಯಾವ ಬಣ್ಣವಿರಬಹುದು ಎಂದು ಹಿತ್ತಲ ಬಾಗಿಲ ತನಕ ಯೋಚಿಸಿಕೊಂಡೂ ಹೋದೆ. ಆಮೇಲೆ ತಿರುಗಿಸಿ ನೋಡಿದರೆ ‘ಕುಮಾರಿ ಗಂಗಾ’ ಎಂದು ನಿಮ್ಮ ಅಕ್ಷರ! ಒಳಗೆ ಕಿಟಕಿಯ ರಬ್ಬರು. ಕರಿ ಹಾವಿನ ಹಾಗೆ ಸುತ್ತಿಟ್ಟ ರಬ್ಬರು. ಹಳೆಯದು ಬಿಸಿಲಿಗೆ ಒಣಗಿ ಬಿರುಕು ಬಿಟ್ಟಿದೆ, ಮಳೆಗಾಲಕ್ಕೆ ಮೊದಲು ಬದಲಿಸಬೇಕು ಎಂದು ನೀವು ಹೊರಡುವ ದಿನ ಹೇಳಿದ್ದು ನನಗೂ ನೆನಪಿತ್ತು. ಆದರೆ ಆ ಹೊತ್ತಿಗೆ ನನಗೆ ಅತ್ತುಬಿಡೋಣ ಎನ್ನಿಸಿತು.

ಅವಳು ಕೆಲಸ ಮಾಡಿದ್ದನ್ನು ನಾನು ಅಡಿಗೆಮನೆಯ ಕಿಟಕಿಯಿಂದ ಎರಡು ದಿನ ನೋಡಿದೆ. ಸುಳ್ಳು ಹೇಳುವುದಿಲ್ಲ, ಚೆನ್ನಾಗಿ ಮಾಡಿದಳು. ಡ್ರೈವರ್ ಶುಕ್ರನೂ ಅವಳೂ ಸೇರಿ ಹಿಂದಿನ ದೊಡ್ಡ ಗಾಜನ್ನು ಬಿಚ್ಚಿ ಚಾಪೆಯ ಮೇಲೆ ಮಲಗಿಸಿದರು. ಹಳೇ ರಬ್ಬರು ಕೈಯಲ್ಲಿ ಹಪ್ಪಳದ ಹಾಗೆ ಮುರಿಯಿತು. ಚೌಕಟ್ಟಿನ ತುಕ್ಕನ್ನು ಕೆರೆದು, ಒರೆಸಿ, ಹೊಸ ರಬ್ಬರನ್ನು ಉಗುರುಬಿಸಿ ನೀರಲ್ಲಿ ನೆನೆಸಿ ಗಾಜಿನ ಸುತ್ತ ತೊಡಿಸಿದರು. ರಬ್ಬರಿನ ಗೀರಿನೊಳಗೆ ಸುತ್ತಲೂ ಒಂದು ದಾರ ಇಟ್ಟರು. ಸಾಬೂನು ನೀರು ಸವರಿ ಶುಕ್ರ ಹೊರಗಿನಿಂದ ಗಾಜು ಒತ್ತಿ ಹಿಡಿದ, ಇವಳು ಒಳಗೆ ಕೂತು ದಾರ ಎಳೆಯುತ್ತ ಬಂದಳು. ದಾರ ಬಂದ ಹಾಗೆ ರಬ್ಬರಿನ ಅಂಚು ಚೌಕಟ್ಟನ್ನು ಕಚ್ಚಿಕೊಳ್ಳುತ್ತ ಹೋಯಿತು. ಅತ್ತೆ ಮಂಡಿನೋವು ಮರೆತು ನೋಡಲು ಎದ್ದು ಬಂದರು. ‘ಮಾಣಿಗಿಂತ ಚೊಲೋ ಮಾಡ್ತು ನಮ್ಮ ಕೂಸು’ ಎಂದರು. ಏಳು ವರ್ಷದಲ್ಲಿ ನನ್ನ ಒಂದು ತಂಬುಳಿಗೆ ಆ ಮಾತು ಬಂದಿಲ್ಲ.

ಆ ದಿನ ನಾನೂ ಬಾಯಿ ಹಾಕಿದೆ. ‘ಒಣಗದ ಹಾಂಗೆ ಸ್ವಲ್ಪ ಕೊಬ್ಬರಿ ಎಣ್ಣೆ ಹಚ್ಚಲಾಗ್ದಾ?’ ಎಂದೆ. ಅವಳು ನಕ್ಕಳು. ‘ಹಚ್ಚಡ ಅತ್ತಿಗೆ, ರಬ್ಬರು ಹಾಳಾಗ್ತು. ಅಣ್ಣ ಬರದ್ದ’ ಎಂದಳು. ಅಣ್ಣ ಬರೆದದ್ದೆಲ್ಲ ಅವಳಿಗೆ. ಶುಕ್ರನೂ ನಕ್ಕ. ನಾನು ಒಳಗೆ ಬಂದು ಒಲೆ ಊದಿದೆ.

ಆಮೇಲೆ ಆದದ್ದನ್ನು ಶುಕ್ರ ನಿಮಗೆ ಬರೆಸಿದ್ದಾನೆ. ಆರ್ದ್ರೆಯ ಮಳೆಯಲ್ಲಿ ಯಾವಾಗಲೂ ನಮ್ಮ ಕಾರನ್ನೇ ಬಾಡಿಗೆಗೆ ಕರೆಸುವ ಭಟ್ಕಳದ ಸಾಹೇಬರ ಮನೆಯ ಹೆಂಗಸರನ್ನು ಕರೆದುಕೊಂಡು ಹೊನ್ನಾವರದ ಡಾಕ್ಟರರ ಹತ್ತಿರ ಬರುವಾಗ, ಶರಾವತಿ ದಾಟಿಸುವ ಜೋಡುದೋಣಿಯ ಮೇಲೆ ಕಾರು ಅರ್ಧ ಗಂಟೆ ನಿಂತಿತ್ತಂತೆ. ಗೋಷಾದ ಹೆಂಗಸರು, ಕೆಳಗೆ ಇಳಿಯುವ ಹಾಗಿಲ್ಲ. ಹಿಂದಿನಿಂದ ಕಡಲಗಾಳಿ. ರಬ್ಬರು ಉಬ್ಬಿ ಮೇಲಿನ ಮೂಲೆಯಲ್ಲಿ ಚೌಕಟ್ಟು ಬಿಟ್ಟು ಜೋತುಬಿದ್ದಿತ್ತು. ನೀರು ಸಾಹೇಬರ ಬೀಬಿಯವರ ಕುತ್ತಿಗೆಯ ಮೇಲೆ ಇಳಿಯಿತು. ಮೊದಲೇ ಜ್ವರ ಬಂದವರು, ಇನ್ನೂ ಒಂದು ವಾರ ಮಲಗಿದರು. ‘ಅಮ್ಮಾ, ಎಂತ ಹೇಳುದು, ನಾ ತಲೆ ಎತ್ತಿ ಅವ್ರ ಮಖ ನೋಡ್ಲಿಲ್ಲ’ ಎಂದ ಶುಕ್ರ. ಸಾಹೇಬರು ಈಗ ಬೇರೆ ಕಾರು ಕರೆಸಿಕೊಳ್ಳುತ್ತಾರೆ.

ಗಂಗಾ ಆ ಸಂಜೆ ಕಾರಿನ ಹಿಂದೆ ಕೂತು ಆ ರಬ್ಬರನ್ನು ಬೆರಳಲ್ಲಿ ಹಿಚುಕಿ ಹಿಚುಕಿ ನೋಡಿದಳು. ಮೆತ್ತಗೆ ಅಂಟಂಟಾಗಿತ್ತು. ‘ನೀರು ಬಿಸಿ ಜಾಸ್ತಿ ಆತು ಕಾಣ್ತು ಅತ್ತಿಗೆ, ನಂದೇ ತಪ್ಪು’ ಎಂದು ನನ್ನ ಹತ್ತಿರ ಹೇಳಿದಳು. ನಾನು ಪುಟ್ಟಿಯನ್ನು ಎತ್ತಿಕೊಂಡು ಒಳಗೆ ಹೋದೆ.

ನಿನ್ನೆ ನಿಮ್ಮ ಪತ್ರವನ್ನು ಅತ್ತೆಗೆ ಅವಳೇ ಓದಿ ಹೇಳಿದಳು. ‘ಬೇಜವಾಬ್ದಾರಿ ಹುಡುಗಿ, ಇನ್ನು ಕಾರು ಮುಟ್ಟಕೂಡದು, ಪಾನಾ ಪೆಟ್ಟಿಗೆ ಕಸಿದಿಡಿ, ಬುಧವಾರ ಸಂತೆಗುಳಿಯ ಸೋದರತ್ತೆಯ ಮನೆಗೆ ಕಳಿಸಿ, ಮನೆಗೆಲಸ ಕಲಿಯಲಿ’ ಎಂದು ನೀವು ಬರೆದದ್ದನ್ನು ಒಂದಕ್ಷರ ಬಿಡದೆ ಓದಿದಳು. ಆಮೇಲೆ ಪೆಟ್ಟಿಗೆಯನ್ನು ತಾನೇ ತಂದು ನಮ್ಮ ಮಂಚದ ಕೆಳಗೆ ಇಟ್ಟಳು. ಪ್ರತಿ ಪಾನಾವನ್ನೂ ಒರೆಸಿ, ಚಿಂದಿಯಲ್ಲಿ ಸುತ್ತಿ ಇಟ್ಟಿದ್ದಾಳೆ. ಇಷ್ಟು ವರ್ಷ ನಾನು ಬಯಸಿದ್ದು ಇದನ್ನೇ ಅಲ್ಲವೇ? ರಾತ್ರಿ ಹಬ್ಬದ ಊಟ ಮಾಡಿದಷ್ಟು ಖುಷಿಯಾಗಬೇಕಿತ್ತು. ಗಂಜಿಯೂ ಸೇರಲಿಲ್ಲ. ಈಗ ಅವಳು ಜಗಲಿಯಲ್ಲಿ ಟ್ರಂಕಿಗೆ ಬಟ್ಟೆ ತುಂಬುತ್ತಿದ್ದಾಳೆ. ಪುಟ್ಟಿ ಒಂದೊಂದನ್ನೇ ಹೊರಗೆ ತೆಗೆದು ಹಾಕುತ್ತಿದೆ.

ನೀವು ಎಣ್ಣೆ ನೀವಿಸಿಕೊಂಡು ಕಾಲನ್ನು ಗಟ್ಟಿ ಮಾಡಿಕೊಂಡೇ ಬನ್ನಿ, ಅವಸರ ಬೇಡ. ಭಾವ ಮತ್ತು ಅಕ್ಕನವರಿಗೆ ನನ್ನ ನಮಸ್ಕಾರ ತಿಳಿಸಿ. ಅತ್ತೆ ನಿಮ್ಮ ತಲೆಯ ಮೇಲೆ ಕೈಯಿಟ್ಟಂತೆ ತಿಳಿಯಿರಿ ಎಂದು ಬರೆಸಿದ್ದಾರೆ. ಪುಟ್ಟಿ ಅಪ್ಪನಿಗೆ ಮುತ್ತು ಕೊಟ್ಟು ಕಾಗದದ ಮೂಲೆ ಒದ್ದೆ ಮಾಡಿದೆ.

ನಿಮ್ಮ
ನರ್ಮದಾ

ತಾ.ಕ.: ಟಪಾಲು ಕಟ್ಟುವ ಹೊತ್ತಾಯಿತು, ಗೀಚುತ್ತಿದ್ದೇನೆ. ಗಂಗಾಳನ್ನು ಎಲ್ಲಿಗೂ ಕಳಿಸಬೇಡಿ. ರಬ್ಬರಿಗೆ ಎಣ್ಣೆ ಹಚ್ಚಿದವಳು ನಾನು. ನಾಲ್ಕು ಶುಕ್ರವಾರ, ಪುಟ್ಟಿಯ ತಲೆಗೆ ಹಚ್ಚಿ ಉಳಿದ ಎಣ್ಣೆಯನ್ನು ಒಂದು ಹನಿ ಬಿಡದೆ ಆ ಗಾಜಿನ ಸುತ್ತ ತಿಕ್ಕಿದೆ. ಹಾಳು ಮಾಡಲು ಅಲ್ಲ, ದೇವರಾಣೆ. ಬಾಗಿಲ ಕೀಲಿಗೆ, ಮಗುವಿನ ನೆತ್ತಿಗೆ, ಹಲಸು ಕೊಯ್ಯುವ ಕತ್ತಿಗೆ ಹಚ್ಚುತ್ತೇವೆ, ಎಲ್ಲವೂ ಚೆನ್ನಾಗಿಯೇ ಇರುತ್ತವೆ. ರಬ್ಬರಿಗೆ ಮಾತ್ರ ಯಾಕೆ ಆಗದು ಎಂದುಕೊಂಡೆ. ನೀವು ಬಂದು ‘ಇದನ್ನು ಇಷ್ಟು ಮಿರಿಮಿರಿ ಇಟ್ಟವರು ಯಾರು?’ ಎಂದು ಕೇಳಬೇಕು, ನಾನು ಮುಂದೆ ಬರಬೇಕು, ಅಷ್ಟೇ ಆಸೆ. ಅವಳು ಬೇಡ ಎಂದಿದ್ದಕ್ಕೇ ಇನ್ನಷ್ಟು ಹಚ್ಚಿದೆ, ಅದೂ ನಿಜ. ಅವಳಿಗೆ ವಾಸನೆ ಸಿಗಲಿಲ್ಲ, ಈ ಮನೆಯಲ್ಲಿ ಕೊಬ್ಬರಿ ಎಣ್ಣೆ ವಾಸನೆ ಇಲ್ಲದ್ದು ಯಾವುದಿದೆ? ಬೈಯುವುದಿದ್ದರೆ ನನಗೆ ಎರಡು ಪುಟ ಬೈಯಿರಿ. ಸಾಹೇಬರಿಗೂ ತಪ್ಪು ನನ್ನದೆಂದೇ ಬರೆಯಿರಿ.

ಗಂಗಾ ಕೊಡೆ ಹಿಡಿದು ಬಾಗಿಲಲ್ಲಿ ನಿಂತಿದ್ದಾಳೆ, ಅಂಚೆಪೆಟ್ಟಿಗೆಗೆ ಈ ಪತ್ರ ಹಾಕಲು ಹೋಗುವವಳು ಅವಳೇ. ಬಾಯಿಬಿಟ್ಟು ಹೇಳಲು ಬೆಳಗಿನಿಂದ ಮೂರು ಸಲ ಹೋದೆ, ಆಗಲಿಲ್ಲ. ಲಕೋಟೆಗೆ ಅಂಟು ಹಚ್ಚದೆ ಅವಳ ಕೈಗೆ ಕೊಡುತ್ತಿದ್ದೇನೆ. ಮೊದಲು ನೀನು ಓದು, ಆಮೇಲೆ ಅಂಟಿಸು ಎನ್ನುತ್ತೇನೆ.