ಕೇಳಿಯೇ ಇಲ್ಲ ಎಂದವಳು

ಇಲೊಯಿಲೊ
ಮೇ ೧೨, ಭಾನುವಾರ

ಪ್ರೀತಿಯ ಅಮ್ಮಾ,

ಮಂಡಿನೋವು ಹೇಗಿದೆ? ಲೀಡ್ಸ್‌ನ ಚಳಿ ಇನ್ನೂ ಬಿಟ್ಟಿಲ್ಲವೇ? ನಿನ್ನ ವೃದ್ಧಾಶ್ರಮದ ಅಜ್ಜಿಯರನ್ನು ಒಬ್ಬಳೇ ಎತ್ತಲು ಹೋಗಬೇಡ. ಇಲ್ಲಿ ನಾವೆಲ್ಲ ಆರೋಗ್ಯ. ಒಣಮೀನು ಬೇಡವೆಂದು ಅಪ್ಪನಿಗೆ ಹೇಳಿ ಹೇಳಿ ನನ್ನ ಬಾಯಿ ನೋಯುತ್ತಿದೆ, ಅಷ್ಟೇ. ಫೋನಿನಲ್ಲಿ ಮಾತಾಡಿದರೆ ಅಳು ಬರುತ್ತದೆ, ಅದಕ್ಕೇ ಬರೆದು ಫೋಟೋ ತೆಗೆದು ಕಳಿಸುತ್ತಿದ್ದೇನೆ.

ಹೋದ ಭಾನುವಾರ ನಮ್ಮ ವಾರ್ಡಿನ ಅಂಬ್ರೊ ತಾತನ ಹುಟ್ಟುಹಬ್ಬ. ನೋಡಿಕೊಳ್ಳಲು ಜೊತೆಗಿದ್ದ ಮಗಳು ನೆರಿಸ್ಸಾ ನಮಗೆಲ್ಲ ಪನ್ಸಿಟ್ ತಂದಿದ್ದಳು. ಡ್ಯೂಟಿಯಲ್ಲಿ ಆ ಶಾವಿಗೆ ತಿಂದರೆ ವಾರ್ಡಿಗೆ ಗ್ರಹಚಾರ ಅಂತ ಯಾರೂ ಮುಟ್ಟಲಿಲ್ಲ. ಅವಳ ಮುಖ ನೋಡಲಾರದೆ ನಾನು ತಿಂದೆ. “ತಿಂದ್ಯಲ್ಲ, ಇನ್ನು ನೀನೇ ಅನುಭವಿಸು” ಅಂತ ನಿನಾಂಗ್ ಡೆಲ್ಫಿನ್ ನಕ್ಕಳು. ನಿನ್ನ ಜೊತೆ ನರ್ಸಿಂಗ್ ಓದಿದವಳು, ಜ್ಞಾನಸ್ನಾನದಲ್ಲಿ ನನ್ನನ್ನು ಎತ್ತಿಕೊಂಡು ನಿಂತು ನನ್ನ ಧರ್ಮತಾಯಿಯಾದವಳು, ಈಗ ನನ್ನ ಹೆಡ್ ನರ್ಸ್.

ಮಧ್ಯಾಹ್ನ ತಾತನ ತುಟಿ ನೀಲಿಯಾಯಿತು. ಡಾಕ್ಟರಿಗೆ ಫೋನ್ ಮಾಡಿ ಹೇಳಿದೆ. ನಿನಾಂಗ್‌ಗೂ ಕೇಳಲಿ ಎಂದು ಸ್ಪೀಕರ್ ಹಾಕಿದ್ದೆ. ಕೋಳಿ ಅಂಕದ ಗದ್ದಲದ ನಡುವೆ ಅವರು, “ಆಕ್ಸಿಜನ್ ಹಾಕಿ ಸುಮ್ನಿರಮ್ಮ, ಇದೊಂದು ಪಂದ್ಯ ಮುಗೀಲಿ” ಅಂದರು. ಮತ್ತೆ ಮಾಡಿ ಬೈಸಿಕೊಂಡೆ. ಬೇರೆ ಡಾಕ್ಟರನ್ನು ಕರೆಯೋಣ ಅಂದರೆ ನಿನಾಂಗ್, “ಅವರ ಪೇಷಂಟು, ನಿಂಗ್ಯಾಕೆ ಅಧಿಕಪ್ರಸಂಗ?” ಎಂದು ತಡೆದಳು. ಆದರೂ ಎಮರ್ಜೆನ್ಸಿಗೆ ಓಡಿದೆ. ಅಲ್ಲಿಂದ ಒಬ್ಬರನ್ನು ಎಳೆದು ತರುವಷ್ಟರಲ್ಲಿ ತಾತ ಹೋಗಿಬಿಟ್ಟಿದ್ದ.

ತುಟಿ ನೀಲಿಯಾದದ್ದನ್ನು ನಾನು ಹೇಳಲೇ ಇಲ್ಲವಂತೆ, ಡಾಕ್ಟರ್ ಹೇಳುತ್ತಾರೆ. ಆಸ್ಪತ್ರೆಯವರು ವಿಚಾರಿಸಿದಾಗ ನಿನಾಂಗ್ ನನ್ನ ಮುಖ ನೋಡದೆಯೇ, “ನಾನು ಊಟಕ್ಕೆ ಹೋಗಿದ್ದೆ, ಕೇಳಿಯೇ ಇಲ್ಲ” ಅಂದಳು. ನಾಳೆ ತಾತನ ಮನೆಯಲ್ಲಿ ಒಂಬತ್ತನೇ ದಿನದ ಪ್ರಾರ್ಥನೆ. ಅಲ್ಲಿ ಎಲ್ಲರ ಮುಂದೆ, ನನ್ನಿಂದಲೇ ತಪ್ಪಾಯಿತು ಎಂದು ನಾನು ನೆರಿಸ್ಸಾಳ ಕ್ಷಮೆ ಕೇಳಬೇಕಂತೆ. ಕೇಳಿದರೆ, ನಿನ್ನ ಹತ್ತಿರ ಬರಲು ನಾನು ಅರ್ಜಿ ಹಾಕಿರುವ ಲೀಡ್ಸ್ ಕೆಲಸಕ್ಕೆ ಆಸ್ಪತ್ರೆಯವರು ಶಿಫಾರಸು ಕೊಡುತ್ತಾರೆ. ಇಲ್ಲದಿದ್ದರೆ ಇಲ್ಲಿನ ಕೆಲಸವೂ ಇಲ್ಲ.

ಡಾಕ್ಟರು ಬಂದು ಹೋಗುವವರು, ಹಾಸಿಗೆ ಪಕ್ಕ ಉಳಿಯುವವರು ನಾವು, ರೋಗಿಯ ಪರ ನಾವೇ ಬಾಯಿ ಬಿಡಬೇಕು ಎಂದು ಹೇಳಿಕೊಟ್ಟವರು ನೀವಿಬ್ಬರೇ ಅಲ್ಲವೇ? ಅವಳು ಹೆದರಿ ತಡವರಿಸಿದ್ದರೆ ಕ್ಷಮಿಸುತ್ತಿದ್ದೆ. ಅಷ್ಟು ಸಲೀಸಾಗಿ ಸುಳ್ಳು ಹೇಳಿದಳಲ್ಲ, ಅದನ್ನು ಸಹಿಸಲಾರೆ. ಇವತ್ತೇ ಅವಳಿಗೆ ಫೋನ್ ಮಾಡಿ ನಿಜ ಹೇಳಿಸು. ನಿನ್ನ ಮಾತನ್ನು ಅವಳು ತೆಗೆದುಹಾಕುವುದಿಲ್ಲ.

ಬೆಚ್ಚಗಿರು. ಇಲ್ಲಿಂದಲೇ ನಿನ್ನ ಕೈಯನ್ನು ಹಣೆಗೊತ್ತಿಕೊಂಡು ಆಶೀರ್ವಾದ ಬೇಡುತ್ತಿದ್ದೇನೆ.

ನಿನ್ನ ಮಗಳು,
ರೊವೆನಾ

ತಾ.ಕ.: ಫೋಟೋ ತೆಗೆಯುವಷ್ಟರಲ್ಲಿ ನಿನಾಂಗ್ ಮನೆಗೆ ಬಂದಳು. ತುಂಬ ಅತ್ತಳು. “ಸುಳ್ಳು ಹೇಳೋಕೆ ನಂಗೇನು ಆಸೆನೇನೇ? ಅವತ್ತೇ ನಿಮ್ಮಮ್ಮಂಗೆ ಎಲ್ಲಾ ಹೇಳ್ದೆ. ‘ಡಾಕ್ಟರ್ ಹತ್ರ ಜಗಳ ಬೇಡ, ನೀನು ಕೇಳಿಲ್ಲ ಅಂದ್ಬಿಡು, ಹುಡುಗಿ ಕ್ಷಮೆ ಕೇಳಿ ಇಲ್ಲಿಗೆ ಬಂದ್ಬಿಡ್ಲಿ’ ಅಂದ್ಲು” ಎಂದಳು. ನೀನಾ ಅಮ್ಮಾ? ನಾಳೆ ಪ್ರಾರ್ಥನೆಗೆ ಹೋಗಿ ನೆರಿಸ್ಸಾಗೆ ನಡೆದದ್ದನ್ನೆಲ್ಲ ಹೇಳುತ್ತೇನೆ. ನನಗೆಂದು ನೀನು ಅಲ್ಲಿ ಕೊಂಡಿಟ್ಟ ಚಳಿಕೋಟನ್ನು ಬೇರೆ ಯಾರಿಗಾದರೂ ಕೊಟ್ಟುಬಿಡು.