ಶುಕ್ರವಾರದ ಕಂಪನ ಮತ್ತು ನಮ್ಮ ಮನೆಯ ಆಕ್ಟೋಪಸ್

ಜ್ವಾಲಾಮುಖಿ ನಿಗಾ ಕಚೇರಿಯ ಮುಖ್ಯಸ್ಥರೇ,

ಶುಕ್ರವಾರ ಬೆಳಿಗ್ಗೆ ನಮ್ಮ ಮನೆಯ ಕೆಳಗೆ ಭೂಮಿ ನಡುಗುವುದಿಲ್ಲವೆಂದು ತಾವು ತೀರ್ಮಾನಿಸಿದ್ದೀರಿ. ಸಂತೋಷ. ಈ ತೀರ್ಮಾನವನ್ನು ಭೂಮಿಗೂ ತಿಳಿಸಿದ್ದೀರಾ?

ಇದು ಬಹಿರಂಗ ಪತ್ರ; ಊರಿನವರಿಗೆಲ್ಲ ಗೊತ್ತಾಗಲಿ ಎಂದು ಮೊದಲಿನಿಂದ ಹೇಳುತ್ತೇನೆ. ನಮ್ಮ ಪೊತ್ಸುವೊಲಿ ಊರು ಕೂತಿರುವುದೇ ಜ್ವಾಲಾಮುಖಿಯ ನೆತ್ತಿಯ ಮೇಲೆ. ಕೆಳಗಿನ ಬಿಸಿ ಹಬೆ ಉಬ್ಬಿದರೆ ಊರೂ ಉಬ್ಬುತ್ತದೆ. ಹೋದ ವರ್ಷ ನಿಮ್ಮವರು ಕಂಪನ ಅಳೆಯುವ ಯಂತ್ರ ಇಡಲು ನಮ್ಮ ನೆಲಮಾಳಿಗೆ ಕೇಳಿದಾಗ, "ಇಡ್ರಪ್ಪಾ, ಅದೇನು ಅನ್ನ ಕೇಳತ್ತಾ?" ಎಂದು ಒಪ್ಪಿದೆ. ಕಾಫಿಯನ್ನೂ ಕೊಟ್ಟೆ.

ಕೆಲವೇ ತಿಂಗಳಲ್ಲಿ ನಿಮ್ಮ ವಿಜ್ಞಾನಿಗಳ ನಿದ್ದೆ ಹಾರಿತು. ಪ್ರತಿ ಶುಕ್ರವಾರ ಬೆಳಿಗ್ಗೆ ಜ್ವಾಲಾಮುಖಿ ಧಪಧಪ ಬಡಿದುಕೊಳ್ಳುತ್ತದೆ, ಶನಿವಾರ ತೆಪ್ಪಗಿರುತ್ತದೆ! ಶುಕ್ರವಾರದ ವ್ರತ ಹಿಡಿದ ಜ್ವಾಲಾಮುಖಿ ಜಗತ್ತಿನಲ್ಲಿ ಇನ್ನೆಲ್ಲಿದೆ? ನಮ್ಮ ಪಾದ್ರಿಗಳಂತೂ ಹಿಗ್ಗಿ ಹೀರೇಕಾಯಿಯಾದರು. ತಾವು ಮಾತ್ರ ಮನೆ ಖಾಲಿ ಮಾಡಿ ಎಂದು ಆದೇಶ ಹೊರಡಿಸಿದಿರಿ. ಆದೇಶ ಹಿಡಿದು ಬಂದ ನಿಮ್ಮ ಅಧಿಕಾರಿ ನೆಲಮಾಳಿಗೆಗೆ ಇಳಿದರೆ, ಅಲ್ಲಿ ನಾನು ಆಕ್ಟೋಪಸ್ಸನ್ನು ಕಲ್ಲಿಗೆ ಬಡಿಯುತ್ತಿದ್ದೆ.

"ದೊನ್ನಾ ಅಸ್ಸುಂತಾ, ಏನಿದಮ್ಮಾ?"

"ಮಧ್ಯಾಹ್ನದ ಅಡುಗೆ. ಶುಕ್ರವಾರ ಮಾಂಸ ತಿನ್ನೋ ಹಾಗಿಲ್ವಲ್ಲ, ಪ್ರತಿ ವಾರ ಇದೇ. ಬಡೀದಿದ್ರೆ ನಿಮ್ಮ ಬೂಟಿನ ಥರ ಗಟ್ಟಿ ಇರತ್ತೆ. ಕೂತ್ಕೊಳ್ಳಿ, ತಿಂದ್ಕೊಂಡೇ ಹೋಗಿ."

ತಿಂದರು; ಕೇಳಿ ಮತ್ತೊಮ್ಮೆ ಬಡಿಸಿಕೊಂಡರು. ಆದೇಶ ರದ್ದಾಯಿತು. "ಇನ್ಮೇಲೆ ಹಿತ್ತಲಲ್ಲಿ ಬಡೀತೀನಿ ಬಿಡಿ" ಎಂದೆ. ಅದರ ಅಗತ್ಯವಿಲ್ಲ ಎಂದಿರಿ ತಾವು. ಶುಕ್ರವಾರ ಬೆಳಗಿನ ಕಂಪನವನ್ನೆಲ್ಲ 'ಅಡುಗೆ' ಎಂದು ಬರೆದು ಲೆಕ್ಕದಿಂದ ತೆಗೆಯಲು ಹೊಸ ಆದೇಶವನ್ನೇ ಹೊರಡಿಸಿದಿರಿ. ಅಡುಗೆಗೆ ವಿಜ್ಞಾನದಲ್ಲಿ ಇಷ್ಟು ಮರ್ಯಾದೆ ಸಿಕ್ಕಿದ್ದು ಬಹುಶಃ ಇದೇ ಮೊದಲು.

ಕಳೆದ ಶುಕ್ರವಾರ ಬೆಳಿಗ್ಗೆ ಬಂದರಿನ ನೆಲ ಇನ್ನಷ್ಟು ಮೇಲೆದ್ದು, ಮೀನು ಹಿಡಿಯುವ ನನ್ನ ಗಂಡ ಪ್ರೊಕೊಲೊನ ದೋಣಿ ಕೆಸರಿನಲ್ಲಿ ಕೂತುಬಿಟ್ಟಿತ್ತು. ಮನೆಗೆ ಆಕ್ಟೋಪಸ್ ಬರಲಿಲ್ಲ. ನಾನು ಕಡಲೆಕಾಳು ಆರಿಸುತ್ತಿದ್ದೆ. ಆಗ ನೆಲದ ಕೆಳಗಿನಿಂದ ಧಪ್, ಧಪ್ ಎಂದು ಶುರುವಾಯಿತು. ತಟ್ಟೆಗಳು ಬಿದ್ದವು, ಗೋಡೆ ಬಿರುಕು ಬಿಟ್ಟಿತು. ಹೇಗೋ ನಿಮ್ಮ ಕಚೇರಿಗೆ ಫೋನ್ ಮಾಡಿದೆ.

"ಇಲ್ಲೂ ಕಾಣಿಸ್ತಿದೆ, ದೊನ್ನಾ ಅಸ್ಸುಂತಾ!" ಎಂದು ಅದೇ ಅಧಿಕಾರಿ ನಕ್ಕರು. "ಈ ಸಲ ಭಾರೀ ಆಕ್ಟೋಪಸ್ಸೇ ಸಿಕ್ಕಿರೋ ಹಾಗಿದೆ. ನಮಗೂ ಒಂಚೂರು ಎತ್ತಿಡಿ."

ಅವರು ನಗುತ್ತಿದ್ದಾಗ ನಾನು ಮೇಜಿನ ಕೆಳಗಿದ್ದೆ.

ಆ ಆದೇಶವನ್ನು ಇಂದೇ ಹಿಂತೆಗೆದುಕೊಳ್ಳಿ. ನನ್ನ ಮಟ್ಟಿಗೆ, ನಾನು ಆಕ್ಟೋಪಸ್ ಬಡಿಯುವುದನ್ನೇ ಬಿಟ್ಟಿದ್ದೇನೆ. ಇನ್ನು ಶುಕ್ರವಾರ ನಮ್ಮ ಮನೆಯಲ್ಲಿ ಧಪ್ ಎಂದರೆ ಅದು ನಾನಲ್ಲ, ಮಾನ್ಯರೇ. ತಟ್ಟೆ ತರಬೇಡಿ, ಆಂಬ್ಯುಲೆನ್ಸ್ ತನ್ನಿ.

ಇಂತಿ,
ವಾರಕ್ಕೆ ಆರು ದಿನ ಮಾತ್ರ ಸರ್ಕಾರದ ಕಾಳಜಿಗೆ ಪಾತ್ರಳಾದ
ಅಸ್ಸುಂತಾ