ನಾಯಿಯ ಮುಂಗಾಲು

ಮನೆಯಿಂದ,
ಮಾರ್ಚ್ ೯, ಭಾನುವಾರ ಮಧ್ಯಾಹ್ನ

ಪ್ರೀತಿಯ ಮಗಳೇ,

ಹೇಗಿದ್ದೀಯ? ಕೆಮ್ಮು ಕಡಿಮೆಯಾಯಿತೆ? ಅಲ್ಲಿ ಹೊಸ ಶಾಲೆಯ ಮಕ್ಕಳು ಗಲಾಟೆಯವರು ಎಂದು ಬರೆದಿದ್ದೆ. ಗಂಟಲು ಹರಿದುಕೊಂಡು ಪಾಠ ಮಾಡಬೇಡ, ಬಿಸಿನೀರು ಕುಡಿ. ನಿಮ್ಮಮ್ಮನ ಮಂಡಿನೋವು ಹೇಗಿದೆ, ಅದನ್ನೂ ತಿಳಿಸು. ಇಲ್ಲಿ ನಾವಿಬ್ಬರೂ ಚೆನ್ನಾಗಿದ್ದೇವೆ. ಉಪಚಾರಕ್ಕೆ ಹೇಳುವ ಮಾತಲ್ಲ, ನಿಜವಾಗಿಯೂ ಚೆನ್ನಾಗಿದ್ದೇವೆ. ನನಗೆ ಹಸಿವಾಗುತ್ತದೆ, ಹೊಟ್ಟೆ ತುಂಬ ಉಣ್ಣುತ್ತೇನೆ, ಮಲಗಿದರೆ ನಿದ್ದೆಯೂ ಬರುತ್ತದೆ. ಮಗನನ್ನು ಕಳೆದುಕೊಂಡವನಿಗೆ ಹೀಗೆ ನಿದ್ದೆ ಬರಬಹುದೇ ಎಂದು ನನಗೇ ನಾಚಿಕೆಯಾಗುತ್ತದೆ. ಒಳಗೆ ಏನೂ ಅನ್ನಿಸುವುದಿಲ್ಲ. ಹಲ್ಲು ಕೀಳುವ ಮುಂಚೆ ಸೂಜಿ ಚುಚ್ಚಿದ ಮೇಲೆ ದವಡೆ ಇರುತ್ತದಲ್ಲ, ಹಾಗೆ. ನಿನ್ನತ್ತೆ ಮಾತ್ರ ಎಂದಿನಂತೆ ನನ್ನನ್ನು ಬೈಯುತ್ತಾಳೆ. ಅದೊಂದು ಸಮಾಧಾನ.

ಪ್ರಿನ್ಸಿಪಾಲರು ಹೋದ ವಾರ ಫೋನ್ ಮಾಡಿದ್ದರು. ಪಶುವೈದ್ಯ ಕಾಲೇಜಿನ ಹೊಸ ಕಟ್ಟಡದ ಬಾಗಿಲಲ್ಲೇ ಒಂದು ದೊಡ್ಡ ಗಾಜಿನ ಬೀರು ಇಡುತ್ತಾರಂತೆ. ಅದರಲ್ಲಿ ನಮ್ಮ ಹುಡುಗ ಪ್ರಾಣಿಗಳ ಮೂಳೆ ಪೋಣಿಸಿ ಜೋಡಿಸಿದ ಮುಂಗಾಲುಗಳ ಸಾಲನ್ನು ನಿಲ್ಲಿಸಿ, ಕೆಳಗೆ ಅವನ ಹೆಸರು ಹಾಕುತ್ತಾರೆ. ಸಾಗಿಸುವ ಮೊದಲು ತಂತಿ ಸಡಿಲವಾಗಿದೆಯೇ ನೋಡಿ, ಧೂಳು ಒರೆಸಿ ಕೊಡಬೇಕು ಎಂದು ಕೇಳಿದರು. ನಿವೃತ್ತನಾದ ಮೇಲೆ ಆ ಕಡೆ ತಲೆ ಹಾಕಿದ್ದೇ ಅಪರೂಪ. ಹೋದೆ. ಜವಾನ ನನ್ನನ್ನು ನೋಡಿ ‘ದೊಡ್ಡ ಮೂಳೆ ಮೇಷ್ಟ್ರು ಬಂದ್ರು’ ಎಂದ, ಆಮೇಲೆ ನಾಲಿಗೆ ಕಚ್ಚಿಕೊಂಡ. ದೊಡ್ಡವನು ಎಂದ ಮೇಲೆ ಚಿಕ್ಕವನೊಬ್ಬ ಇರಬೇಕಲ್ಲ. ನಾನೇನೂ ಅಂದುಕೊಳ್ಳಲಿಲ್ಲ. ಟೀ ತರಿಸಿಕೊಟ್ಟ, ಕುಡಿದೆ.

ನೀನು ಆ ಸಾಲನ್ನು ಎಷ್ಟೋ ಸಲ ನೋಡಿದ್ದೀಯ, ಕೆಳಗಿನ ಹೆಸರಿನ ಕಾರ್ಡುಗಳನ್ನು ಗಂಡನಿಗೆ ಬರೆದುಕೊಟ್ಟವಳೇ ನೀನು. ಕುದುರೆ, ಹಸು, ಹಂದಿ, ನಾಯಿ, ಬೆಕ್ಕು. ಎಲ್ಲವೂ ಬಲ ಮುಂಗಾಲು, ಎಲ್ಲವೂ ನೋಡುವವರಿಗೆ ಎದುರಾಗಿ. ಕುದುರೆಯದು ಒಂದೇ ಬೆರಳಿನ ಮೇಲೆ ನಿಂತಿದೆ. ಹಸುವಿನದರಲ್ಲಿ ಎರಡು ಮೂಳೆ ಕೂಡಿ ಒಂದಾದ ಗೆರೆ ಮುಂಭಾಗದಲ್ಲಿ ಈಗಲೂ ಕಾಣುತ್ತದೆ. ಬಟ್ಟೆಯಿಂದ ಒಂದೊಂದನ್ನೇ ಒರೆಸುತ್ತಾ ಹೋದೆ. ಕುದುರೆಯ ಹೆಗಲ ಮೂಳೆ ಒರೆಸುವಾಗ, ಹೊಸ ಹುಡುಗರಿಗೆ ಅವನು ಮೊದಲ ದಿನ ಹಾಕುತ್ತಿದ್ದ ಪ್ರಶ್ನೆ ನೆನಪಾಯಿತು. ಈ ಕಾಲು ಮೈಗೆ ಯಾವ ಮೂಳೆಯಿಂದ ಸೇರಿಕೊಂಡಿದೆ, ಹುಡುಕಿ ಎನ್ನುತ್ತಿದ್ದ. ಪಾಪ, ಅವರು ಪೀರಿಯಡ್ ಮುಗಿಯುವವರೆಗೂ ಹುಡುಕುವರು. ಯಾವ ಮೂಳೆಯಿಂದಲೂ ಇಲ್ಲ, ಬರೀ ಮಾಂಸಖಂಡ ಹಿಡಿದುಕೊಂಡಿರುತ್ತದೆ, ಅದರ ಮೇಲೇ ಕುದುರೆ ಅಷ್ಟು ಭಾರ ಹಾಕಿ ಓಡುತ್ತದೆ ಎಂದು ಕೊನೆಗೆ ಹೇಳುವನು. ಈ ಪ್ರಶ್ನೆ ನನ್ನಿಂದ ಕದ್ದದ್ದು, ಕಳ್ಳ.

ನಾಯಿಯ ಹತ್ತಿರ ಬಂದಾಗ ಕೈ ನಿಂತಿತು. ನಾಯಿಗೂ ಬೆಕ್ಕಿಗೂ ಪಂಜದ ಒಳಬದಿಯಲ್ಲಿ ನೆಲಕ್ಕೆ ತಾಗದ ಒಂದು ಪುಟ್ಟ ಹೆಬ್ಬೆರಳು ಇರುತ್ತದೆ. ಎರಡೂ ಬಲಗಾಲಾದರೆ ಎರಡರ ಹೆಬ್ಬೆರಳೂ ಒಂದೇ ಕಡೆಗಿರಬೇಕು. ಇಲ್ಲಿ ಅವು ಒಂದಕ್ಕೊಂದು ಬೆನ್ನು ತಿರುಗಿಸಿಕೊಂಡಿದ್ದವು. ಹೆಗಲಿನ ಏಣು ನೋಡಿದೆ, ಮೊಣಕೈ ನೋಡಿದೆ. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದೆ. ನಾಯಿಯದು ಎಡಗಾಲು. ಮೇಲಿಂದ ಕೆಳಗಿನವರೆಗೂ ಎಡಗಾಲೇ, ಅಚ್ಚುಕಟ್ಟಾಗಿ ಪೋಣಿಸಿದ್ದಾನೆ. ಕೆಳಗೆ ನಿನ್ನ ದುಂಡನೆಯ ಅಕ್ಷರದಲ್ಲಿ ‘ನಾಯಿ, ಬಲ ಮುಂಗಾಲು’ ಎಂದಿದೆ. ಅವನು ಹೇಳಿದ್ದನ್ನು ನೀನು ಬರೆದೆ.

ಅವನು ಚಿಕ್ಕವನಿದ್ದಾಗ ನಮ್ಮ ಮನೆಯಲ್ಲೊಂದು ಆಟವಿತ್ತು. ಊಟದ ಮೇಜಿನ ಮೇಲೆ ಟವೆಲಿನ ಕೆಳಗೆ ನಾನೊಂದು ಮೂಳೆ ಇಡುತ್ತಿದ್ದೆ. ಅವನು ಕಣ್ಣು ಮುಚ್ಚಿ, ಕೈಯಲ್ಲೇ ತಡವಿ, ಯಾವ ಪ್ರಾಣಿ, ಎಡವೋ ಬಲವೋ ಹೇಳಬೇಕು. ಅನ್ನ ಉಣ್ಣುವ ಜಾಗದಲ್ಲಿ ಇದೇನು ಅನಿಷ್ಟ ಎಂದು ನಿನ್ನತ್ತೆ ಸೌಟು ಹಿಡಿದು ಬರುವಳು. ಅಷ್ಟರಲ್ಲಿ ಅವನು ಹೇಳಿಬಿಟ್ಟಿರುತ್ತಿದ್ದ. ಪ್ರಾಣಿ ತಪ್ಪಿದ್ದುಂಟು, ಕುರಿಯ ಮೂಳೆಯನ್ನು ಆಡಿನದೆಂದು ಮೇಷ್ಟ್ರುಗಳೇ ಈಗಲೂ ವಾದಿಸುವುದುಂಟು. ಎಡಬಲ ಮಾತ್ರ ಅವನು ಒಮ್ಮೆಯೂ ತಪ್ಪಲಿಲ್ಲ.

ಅಲ್ಲೇ ಸ್ಟೂಲಿನ ಮೇಲೆ ಕುಳಿತೆ. ಅಳು ಬರಬಹುದು ಎಂದು ಕಾದೆ, ಬರಲಿಲ್ಲ. ಉಳಿದ ಬೆಕ್ಕಿನ ಕಾಲನ್ನೂ ಒರೆಸಿ, ಕೈ ತೊಳೆದು, ಬಸ್ಸು ಹಿಡಿದು ಮನೆಗೆ ಬಂದೆ. ಯಾಕೆ ಸಪ್ಪಗಿದ್ದೀರಿ ಎಂದು ನಿನ್ನತ್ತೆ ಕೇಳಿದಳು. ಬಿಸಿಲು ಎಂದೆ.

ನಿನ್ನ ಕೋಣೆಯ ಕಿಟಕಿಯ ಚಿಲಕ ಸರಿ ಮಾಡಿಸಿದ್ದೇನೆ. ನಿನ್ನ ಹಸಿರು ಕೊಡೆ ಇಲ್ಲೇ ಇದೆ, ಅತ್ತೆ ಉಪಯೋಗಿಸುತ್ತಿದ್ದಾಳೆ, ನಾನು ಹೇಳಿದೆ ಎಂದು ಹೇಳಬೇಡ. ನಿಮ್ಮಮ್ಮನಿಗೆ ನಮ್ಮಿಬ್ಬರ ನಮಸ್ಕಾರ. ನೀನು ಹೊತ್ತಿಗೆ ಸರಿಯಾಗಿ ಉಣ್ಣು, ನಿನಗೆ ಒಳ್ಳೆಯದಾಗಲಿ. ಅತ್ತೆಯ ಆಶೀರ್ವಾದವನ್ನೂ ಇದರಲ್ಲೇ ಸೇರಿಸಿಕೋ.

ಇಂತು ನಿನ್ನ
ಮಾವ

ವಿ.ಸೂ.: ಲಕೋಟೆ ಅಂಟಿಸುವ ಮುಂಚೆ ಇನ್ನೊಂದು ಮಾತು. ಹೋದ ಕಾಗದದಲ್ಲಿ ನೀನು ಬರೆದ ಸಾಲು ನನ್ನ ಕಣ್ಣ ಮುಂದೆಯೇ ಇದೆ. ನಾನು ಬಲಕ್ಕೆ ಎಂದರೆ ಅವರು ಎಡಕ್ಕೆ ಕಾರು ತಿರುಗಿಸಿದರು, ಎಡಬಲ ತಿಳಿಯದಷ್ಟು ಅಲಕ್ಷ್ಯವೇ ಎಂದು ಅವರನ್ನು ಬೈದೆ ಎಂದು ಬರೆದು, ‘ಬೈಯೋ ಬದಲು ಅವತ್ತೇ ಡಾಕ್ಟ್ರ ಹತ್ರ ಕರ್ಕೊಂಡು ಹೋಗಿದ್ರೆ ಉಳೀತಿದ್ರೇನೋ ಮಾವ’ ಎಂದಿದ್ದೆ. ಈ ನಾಯಿಯ ಕಾಲನ್ನು ಅವನು ನಿಲ್ಲಿಸಿದ್ದು ಅದಕ್ಕಿಂತ ಹಿಂದಿನ ವರ್ಷ. ತಲೆಯೊಳಗಿನ ಗಡ್ಡೆ ಆಗಲೇ ಕೆಲಸ ಶುರುಮಾಡಿತ್ತು. ಆಗ ಈ ಸಾಲಿನ ಉದ್ಘಾಟನೆಯ ದಿನ ಇದರ ಮುಂದೆ ನಾವೆಲ್ಲ ಮೂಳೆ ಪಾಠ ಹೇಳಿ ಮುದುಕರಾದವರು ಸಾಲಾಗಿ ನಿಂತು, ಬಿಸ್ಕತ್ತು ತಿಂದು, ಭೇಷ್ ಎಂದು ಅವನ ಬೆನ್ನು ತಟ್ಟಿದೆವು. ಒಬ್ಬರಿಗೂ ಕಾಣಲಿಲ್ಲ. ನಿನಗೆ ಒಂದು ತಿರುವಿನಲ್ಲಿ ಹೇಗೆ ಕಾಣಬೇಕಿತ್ತು, ಹುಚ್ಚು ಹುಡುಗಿ? ಆ ಭಾರವನ್ನು ಇನ್ನು ಇಳಿಸಿಬಿಡು. ಕಾಲನ್ನು ಬಿಚ್ಚಿ ಬದಲಿಸಲು ನನ್ನ ಕೈ ಬರುವುದಿಲ್ಲ. ಕಲಿಯುವ ಮಕ್ಕಳಿಗೆ ತಪ್ಪು ಹೇಳಿಕೊಡುವುದೂ ಆಗದು. ಅದಕ್ಕೇ ಒಂದು ಖಾಲಿ ಕಾರ್ಡು ಇದರೊಳಗಿಟ್ಟಿದ್ದೇನೆ. ಉಳಿದ ಕಾರ್ಡುಗಳಿಗೆ ಹೊಂದುವಂತೆ ನಿನ್ನ ಅಕ್ಷರದಲ್ಲೇ ‘ನಾಯಿ, ಎಡ ಮುಂಗಾಲು’ ಎಂದು ಬರೆ. ಅಂಚೆಗೆ ಹಾಕಿದರೂ ಸರಿ, ನೀನೇ ತಂದರೂ ಸರಿ. ಅಲ್ಲಿಯವರೆಗೆ ಬೀರುವಿಗೆ ಗಾಜು ಕೂರಿಸಲು ಬಿಡುವುದಿಲ್ಲ, ಅಳತೆ ಸರಿಯಿಲ್ಲ ಎಂದು ಏನಾದರೂ ತಗಾದೆ ತೆಗೆಯುತ್ತಿರುತ್ತೇನೆ.